ಸೋತ ಹಣ ಮುಂದಿನ ಆಟದಲ್ಲಿ ಮರಳಿ ಬರುತ್ತದೆಯೇ? ಜೂಜಿನ ಲೆಕ್ಕ ಬಲ್ಲ ಕಾರ್ಡಾನೊ ಕಥೆ

ಸತತವಾಗಿ ಸೋತವರಿಗೆ ಮುಂದಿನ ಆಟದಲ್ಲಿ ಗೆಲುವು ಖಚಿತ, ಹಾಗಾಗಿ ಸೋತಾಗಲೆಲ್ಲ ಬಾಜಿ ದುಪ್ಪಟ್ಟು ಮಾಡಬೇಕು ಎಂಬ ಸಲಹೆಯನ್ನು ಬೆಟ್ಟಿಂಗ್ ಆಡುವವರ ಬಾಯಲ್ಲಿ ನಾವು ಆಗಾಗ ಕೇಳುತ್ತೇವೆ. ಇದು ನಿಜವೇ? ಉತ್ತರ ಹುಡುಕಲು ಸುಮಾರು 500 ವರ್ಷ ಹಿಂದಿನ ಇಟಲಿಗೆ ಹೋಗೋಣ.

ಯಾರು ಈ ಕಾರ್ಡಾನೊ?

ಜೆರೊಲಾಮೊ ಕಾರ್ಡಾನೊ ಹುಟ್ಟಿದ್ದು 1501ರಲ್ಲಿ, ಪಾವಿಯಾ ಊರಿನಲ್ಲಿ. ಪಾದುವಾದಲ್ಲಿ ವೈದ್ಯಕೀಯ ಓದಿದ. ಆದರೆ ತಂದೆ ತಾಯಿ ಮದುವೆಯಾಗುವ ಮೊದಲೇ ಹುಟ್ಟಿದವನು ಎಂಬ ಕಾರಣಕ್ಕೆ ಮಿಲಾನ್ ನಗರದ ವೈದ್ಯರ ಸಂಘ ಅವನನ್ನು ಸೇರಿಸಿಕೊಳ್ಳಲಿಲ್ಲ. ಕೈಯಲ್ಲಿ ಸಂಪಾದನೆ ಇಲ್ಲದಾಗ ಜೂಜೇ ಆಸರೆಯಾಯಿತು. ಕೊನೆಗೆ ಹೆಂಡತಿಯ ಒಡವೆ, ಮನೆಯ ಸಾಮಾನುಗಳನ್ನೂ ಅಡವಿಟ್ಟು, ಸಂಸಾರ ಸಮೇತ ಮಿಲಾನ್‌ನ ಬಡವರ ಆಶ್ರಯಧಾಮ ಸೇರಬೇಕಾಯಿತು.

ಸಿಟ್ಟು ಮಾಡಿದ ಕೆಲಸ

ಯೌವನದಲ್ಲಿ ಒಮ್ಮೆ ವೆನಿಸ್‌ಗೆ ಹೋಗಿದ್ದಾಗ ಇಸ್ಪೀಟಿನಲ್ಲಿ ಹಣ, ಉಂಗುರಗಳನ್ನು ಸೋತ. ಎಲೆಗಳ ಮೇಲೆ ಗುರುತು ಹಾಕಿ ಮೋಸ ಮಾಡಿದ್ದಾರೆಂದು ತಿಳಿದಾಗ ಸಿಟ್ಟು ನೆತ್ತಿಗೇರಿತು. ಕಠಾರಿ ತೆಗೆದು ಎದುರಾಳಿಯ ಮುಖಕ್ಕೆ ಗಾಯ ಮಾಡಿ ಓಡಿದ. ಅದೇ ರಾತ್ರಿ ತಲೆಮರೆಸಿಕೊಂಡು ತಿರುಗುವಾಗ ಕಾಲು ಜಾರಿ ನೀರಿಗೆ ಬಿದ್ದ. ದೋಣಿಯವರು ಮೇಲೆತ್ತಿದರು. ನೋಡಿದರೆ, ಮುಖಕ್ಕೆ ಪಟ್ಟಿ ಕಟ್ಟಿಕೊಂಡ ಅದೇ ವ್ಯಕ್ತಿ ದೋಣಿಯಲ್ಲಿದ್ದ! ಆತ ಸೇಡು ತೀರಿಸಿಕೊಳ್ಳದೆ ಉಡಲು ಬಟ್ಟೆ ಕೊಟ್ಟ. ಇದನ್ನೆಲ್ಲ ಕಾರ್ಡಾನೊ ತನ್ನ ಆತ್ಮಕಥೆಯಲ್ಲೇ ಬರೆದುಕೊಂಡಿದ್ದಾನೆ.

ಲೆಕ್ಕ ಏನು ಹೇಳುತ್ತದೆ?

ಮುಂದೆ ಕಾರ್ಡಾನೊನ ದಿನಗಳು ಬದಲಾದವು. ವೈದ್ಯನಾಗಿ ಹೆಸರು ಮಾಡಿದ. 1545ರಲ್ಲಿ ಬಂದ ಆರ್ಸ್ ಮ್ಯಾಗ್ನಾ ಅವನನ್ನು ದೊಡ್ಡ ಗಣಿತಜ್ಞನನ್ನಾಗಿಸಿತು. 1552ರಲ್ಲಿ ಆರ್ಚ್‌ಬಿಷಪ್ ಒಬ್ಬರ ಉಬ್ಬಸಕ್ಕೆ ಚಿಕಿತ್ಸೆ ನೀಡಲು ಸ್ಕಾಟ್ಲೆಂಡ್‌ವರೆಗೂ ಹೋಗಿ ಬಂದ.

ದಾಳದಾಟದ ಬಗ್ಗೆಯೂ ಒಂದು ಪುಸ್ತಕ ಬರೆದ. ಎರಡು ದಾಳ ಉರುಳಿಸಿದರೆ 36 ಬಗೆಯ ಫಲಿತಾಂಶ ಸಾಧ್ಯ ಎಂದು ಅದರಲ್ಲಿ ಎಣಿಸಿ ತೋರಿಸಿದ. ಸಂಭವನೀಯತೆಯ ಗಣಿತದ ಮೊದಲ ಹೆಜ್ಜೆಗಳಲ್ಲಿ ಇದೂ ಒಂದು. ಜೂಜಿನಲ್ಲಿ ಅತಿ ದೊಡ್ಡ ಲಾಭ ಎಂದರೆ ಆಡದೇ ಇರುವುದು ಎಂಬ ಮಾತನ್ನೂ ಅಲ್ಲೇ ಸೇರಿಸಿದ. ಪುಸ್ತಕ ಅಚ್ಚಾದದ್ದು 1663ರಲ್ಲಿ, ಅವನು ತೀರಿಕೊಂಡು 87 ವರ್ಷಗಳ ಮೇಲೆ.

ಈಗ ನಮ್ಮ ಪ್ರಶ್ನೆಗೆ ಬರೋಣ. ದಾಳಕ್ಕಾಗಲಿ ನಾಣ್ಯಕ್ಕಾಗಲಿ ನೆನಪಿಲ್ಲ. ಏಳು ಸಲ ಸೋತರೂ ಎಂಟನೇ ಸಲದ ಅವಕಾಶ ಮೊದಲಿನಷ್ಟೇ. 100 ರೂಪಾಯಿಯಿಂದ ಶುರುಮಾಡಿ ಪ್ರತಿ ಸೋಲಿಗೂ ದುಪ್ಪಟ್ಟು ಹಾಕಿದರೆ ಏಳು ಸೋಲಿಗೆ ಕಳೆದದ್ದು 12,700 ರೂಪಾಯಿ. ಎಂಟನೇ ಬಾಜಿಗೆ ಇನ್ನೂ 12,800 ಬೇಕು. ಅದನ್ನು ಗೆದ್ದರೂ ಒಟ್ಟು ಲಾಭ ಬರೀ 100!

ಲೆಕ್ಕ ಗೊತ್ತಿದ್ದರೆ ಸಾಕೇ?

ಸಾಲದು. ಲೆಕ್ಕ ಬಲ್ಲ ಕಾರ್ಡಾನೊನೇ ವರ್ಷಗಟ್ಟಲೆ ಜೂಜು ಬಿಡಲಾಗಲಿಲ್ಲ. ಅವನ ಕಿರಿಯ ಮಗ ಆಲ್ಡೊ ಕೂಡ ಜೂಜಿಗೆ ಬಿದ್ದು, ತಂದೆಯ ಮನೆಯಲ್ಲೇ ಕಳ್ಳತನ ಮಾಡಿದ. ಅಪ್ಪನೇ ದೂರು ಕೊಟ್ಟು ಮಗನನ್ನು ಊರಿನಿಂದ ಗಡಿಪಾರು ಮಾಡಿಸಬೇಕಾಯಿತು. 1576ರಲ್ಲಿ ಕಾರ್ಡಾನೊ ರೋಮ್‌ನಲ್ಲಿ ತೀರಿಕೊಂಡ.

ಸೋತ ಸಿಟ್ಟಿನಲ್ಲಿ ನಾವು ಹಾಕುವ ಬಾಜಿ ಲೆಕ್ಕದ್ದಲ್ಲ, ಸೇಡಿನದು. ಆ ಹೊತ್ತಿನಲ್ಲಿ ಮೊಬೈಲ್ ಕೆಳಗಿಟ್ಟು ಎದ್ದು ಹೋಗುವುದೇ ನಷ್ಟಕ್ಕೆ ಕಡಿವಾಣ. ಹೋದ ಹಣ ಹೋಯಿತು ಎಂದುಕೊಳ್ಳಿ, ಸಾಲ ಮಾಡಿ ಅದರ ಬೆನ್ನು ಹತ್ತಬೇಡಿ. ಬಿಡಲು ಆಗುತ್ತಿಲ್ಲ ಎನಿಸಿದರೆ ಮನೆಯವರಿಗೆ ಹೇಳಿ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೂ ಉಚಿತವಾಗಿ ಕರೆ ಮಾಡಬಹುದು.

ಸತ್ಯ ಇಷ್ಟೇ: ಸತತ ಸೋಲಿನ ನಂತರ ಗೆಲುವು ಖಚಿತ ಎಂಬುದು ಸುಳ್ಳು.