ಡಾ. ಸಲೀಂ ಅಲಿ: ಹಕ್ಕಿಗಳನ್ನು ಅರಿತವರು, ಸಂಸ್ಥೆಯನ್ನು ಉಳಿಸಿದವರು

ಡಾ. ಸಲೀಂ ಅಲಿಯವರ ಹೆಸರು ಕೇಳದವರು ನಿಮ್ಮಲ್ಲಿ ವಿರಳ. ಭಾರತದ ಪಕ್ಷಿ ಮಾನವ ಯಾರು ಎಂಬ ಪ್ರಶ್ನೆಗೆ ಸಾಮಾನ್ಯ ಜ್ಞಾನದ ಸ್ಪರ್ಧೆಗಳಲ್ಲಿ ನೀವೇ ಉತ್ತರ ಬರೆದಿರುತ್ತೀರಿ. ಕೊರಳಲ್ಲಿ ದುರ್ಬೀನು ತೂಗಿಕೊಂಡ ಸಣಕಲು ದೇಹದ ಆ ವೃದ್ಧರ ಭಾವಚಿತ್ರವೂ ನಿಮಗೆ ಪರಿಚಿತ. ಆದರೆ ಅವರ ಬದುಕಿನಲ್ಲಿ ಅಷ್ಟಾಗಿ ಪ್ರಚಾರ ಪಡೆಯದ ಇನ್ನೊಂದು ಅಧ್ಯಾಯವಿದೆ. ಮುಚ್ಚಿಹೋಗುವ ಸ್ಥಿತಿಗೆ ಬಂದಿದ್ದ ಒಂದು ಸಂಸ್ಥೆಗೆ ಹಣ ಹೊಂದಿಸಿ, ಹೊಸ ಸದಸ್ಯರನ್ನು ಕರೆತಂದು ಉಳಿಸಿದ ಅಧ್ಯಾಯ ಅದು. ಸಂಘ ಸಂಸ್ಥೆಗಳನ್ನು ನಡೆಸುವ ಹಿರಿಯರಿಗೂ, ನಾಳೆ ನಡೆಸಬೇಕಾದ ವಿದ್ಯಾರ್ಥಿಗಳಿಗೂ ಅದರಲ್ಲಿ ಕಲಿಯಬೇಕಾದ ಪಾಠ ಬಹಳವಿದೆ.

ಒಬ್ಬ ಸದಸ್ಯರ ಪರಿಚಯ ಪತ್ರ

ಸಲೀಂ ಅಲಿ ಹುಟ್ಟಿದ್ದು 1896ರ ನವೆಂಬರ್ 12ರಂದು, ಮುಂಬಯಿಯ ಸುಲೈಮಾನಿ ಬೊಹರಾ ಕುಟುಂಬದಲ್ಲಿ. ಮನೆಯ ಮಕ್ಕಳಲ್ಲಿ ಅವರೇ ಅತಿ ಕಿರಿಯರು. ಒಂದು ವರ್ಷ ತುಂಬುವಷ್ಟರಲ್ಲಿ ತಂದೆ ತೀರಿಕೊಂಡರು, ಮೂರನೆಯ ವಯಸ್ಸಿಗೆ ತಾಯಿಯೂ ಇಲ್ಲವಾದರು. ಅನಾಥ ಬಾಲಕನನ್ನು ಸಾಕಿ ಸಲಹಿದವರು ಸೋದರಮಾವ ಅಮೀರುದ್ದೀನ್ ತಯ್ಯಬ್ಜಿ ಮತ್ತು ಅತ್ತೆ ಹಮೀದಾ ಬೇಗಂ.

ಬಾಲಕ ಒಂದು ದಿನ ಏರ್‌ಗನ್ನಿನಿಂದ ಗುಬ್ಬಿಯಂಥ ಹಕ್ಕಿಯನ್ನು ಹೊಡೆದ. ಅದರ ಕತ್ತಿನ ಮೇಲೆ ಹಳದಿ ಗುರುತಿತ್ತು. ಇದು ಯಾವ ಹಕ್ಕಿ, ಇದನ್ನು ತಿನ್ನಬಹುದೇ ಎಂಬ ಅನುಮಾನದಿಂದ ಮಾವನ ಬಳಿ ಒಯ್ದ. ಮಾವನಿಗೂ ತಿಳಿಯಲಿಲ್ಲ. ಆದರೆ ಅವರು ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ಮೊದಮೊದಲ ಭಾರತೀಯ ಸದಸ್ಯರಲ್ಲಿ ಒಬ್ಬರಾಗಿದ್ದರು. ಕಾರ್ಯದರ್ಶಿ ಮಿಲ್ಲಾರ್ಡ್ ಅವರಿಗೆ ಒಂದು ಪತ್ರ ಬರೆದುಕೊಟ್ಟು ಬಾಲಕನನ್ನು ಕಳುಹಿಸಿದರು. ಮಿಲ್ಲಾರ್ಡ್ ಬೇಸರಪಡದೆ ಹಕ್ಕಿಯ ಹೆಸರು ಹೇಳಿ, ಸಂಸ್ಥೆಯ ಕಪಾಟುಗಳಲ್ಲಿದ್ದ ನೂರಾರು ಹಕ್ಕಿಗಳ ಸಂಗ್ರಹವನ್ನು ತೋರಿಸಿದರು. ಗಮನಿಸಿ, ಒಬ್ಬ ಸದಸ್ಯರ ಒಂದು ಪತ್ರ ಮತ್ತು ಒಬ್ಬ ಕಾರ್ಯದರ್ಶಿಯ ಅರ್ಧ ಗಂಟೆಯ ತಾಳ್ಮೆ ದೇಶಕ್ಕೆ ಒಬ್ಬ ವಿಜ್ಞಾನಿಯನ್ನು ಕೊಟ್ಟಿತು.

ಆ ಸಂಸ್ಥೆ ಹುಟ್ಟಿದ್ದು 1883ರ ಸೆಪ್ಟೆಂಬರ್ 15ರಂದು, ಕೇವಲ ಎಂಟು ಜನರಿಂದ. ಅವರಲ್ಲಿ ಇಬ್ಬರು ಭಾರತೀಯ ವೈದ್ಯರಾಗಿದ್ದರು. ಮರುವರ್ಷ ಫಿಪ್ಸನ್ ಎಂಬ ವ್ಯಾಪಾರಿ ತನ್ನ ಅಂಗಡಿಯ ಒಂದು ಕೋಣೆಯನ್ನು ಬಿಟ್ಟುಕೊಟ್ಟ. 1886ರಲ್ಲಿ ಸಂಸ್ಥೆಯ ನಿಯತಕಾಲಿಕೆ ಆರಂಭವಾಯಿತು. ಕಾಡು ಸುತ್ತುವ ಅಧಿಕಾರಿಗಳು, ತೋಟದ ಮಾಲೀಕರು, ವೈದ್ಯರು ವಂತಿಗೆ ಕಟ್ಟಿ ಸದಸ್ಯರಾದರು, ತಾವು ಕಂಡದ್ದನ್ನು ಅದಕ್ಕೆ ಬರೆದು ಕಳುಹಿಸಿದರು. ಹಣ ಕೊಡುವವನೇ ಕೆಲಸವನ್ನೂ ಮಾಡುವ ಈ ಕ್ರಮವೇ ಸಂಸ್ಥೆಯ ಬಲವಾಗಿತ್ತು.

ಕೆಲಸ ಹೋದಾಗ ಹುಡುಕಿಕೊಂಡ ದಾರಿ

ಸಲೀಂ ಅಲಿಯವರ ಬಳಿ ವಿಶ್ವವಿದ್ಯಾಲಯದ ಪದವಿ ಇರಲಿಲ್ಲ. ಕಾಲೇಜನ್ನು ಅರ್ಧಕ್ಕೆ ಬಿಟ್ಟು ಬರ್ಮಾದಲ್ಲಿ ಮನೆತನದ ವ್ಯವಹಾರ ನೋಡಿಕೊಳ್ಳಲು ಹೋದರು. ಅಲ್ಲಿ ವ್ಯಾಪಾರಕ್ಕಿಂತ ಕಾಡಿನ ಹಕ್ಕಿಗಳೇ ಅವರನ್ನು ಸೆಳೆದವು. ಹಿಂತಿರುಗಿದ ಮೇಲೆ ದಾವರ್ಸ್ ವಾಣಿಜ್ಯ ಕಾಲೇಜಿನಲ್ಲಿ ವಾಣಿಜ್ಯ ಕಾನೂನು ಮತ್ತು ಲೆಕ್ಕಶಾಸ್ತ್ರ ಓದಿದರು. ಜೊತೆಗೆ ಸೇಂಟ್ ಝೇವಿಯರ್ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರವನ್ನೂ ಕಲಿತರು. 1918ರಲ್ಲಿ ತೆಹಮೀನಾ ಬೇಗಂ ಅವರೊಡನೆ ವಿವಾಹವಾಯಿತು.

1926ರಲ್ಲಿ ಮುಂಬಯಿಯ ಪ್ರಿನ್ಸ್ ಆಫ್ ವೇಲ್ಸ್ ವಸ್ತುಸಂಗ್ರಹಾಲಯದಲ್ಲಿ ಮಾರ್ಗದರ್ಶಿ ಉಪನ್ಯಾಸಕರ ಕೆಲಸ ಸಿಕ್ಕಿತು. ನಂತರ ರಜೆ ಪಡೆದು ಬರ್ಲಿನ್‌ಗೆ ಹೋಗಿ ಪ್ರೊ. ಸ್ಟ್ರೆಸೆಮಾನ್ ಅವರ ಬಳಿ ಪಕ್ಷಿಶಾಸ್ತ್ರ ಕಲಿತರು. 1930ರಲ್ಲಿ ಹಿಂತಿರುಗಿ ಬಂದರೆ, ಹಣದ ಕೊರತೆಯಿಂದ ಆ ಹುದ್ದೆಯನ್ನೇ ರದ್ದುಪಡಿಸಲಾಗಿತ್ತು! ದಂಪತಿಗಳು ಸಮುದ್ರ ತೀರದ ಕಿಹೀಂ ಎಂಬ ಹಳ್ಳಿಗೆ ಹೋಗಿ ನೆಲೆಸಿದರು. ನಿರುದ್ಯೋಗದ ಆ ದಿನಗಳಲ್ಲಿಯೇ ಅವರು ಗೀಜುಗ ಹಕ್ಕಿಯ ಸಂಸಾರವನ್ನು ಅಭ್ಯಸಿಸಿ ಹೆಸರು ಪಡೆದರು. ನಮ್ಮ ಭದ್ರಾ ನಾಲೆಯ ಬಯಲಿನಲ್ಲಿ ಈಚಲು ಮರಗಳಿಗೆ ಗೂಡು ತೂಗುಬಿಡುವ ಅದೇ ಗೀಜುಗ.

ಆಮೇಲೆ ಅವರು ಹೂಡಿದ ಯೋಜನೆ ಬಹಳ ಸರಳವಾದುದು. ನನಗೆ ಸಂಬಳ ಬೇಡ, ಪ್ರವಾಸ ಮತ್ತು ಶಿಬಿರದ ಖರ್ಚನ್ನು ಮಾತ್ರ ಕೊಡಿ, ನಿಮ್ಮ ಸಂಸ್ಥಾನದ ಹಕ್ಕಿಗಳ ಸಮೀಕ್ಷೆ ಮಾಡಿಕೊಡುತ್ತೇನೆ ಎಂಬ ಪ್ರಸ್ತಾಪವನ್ನು ಸೊಸೈಟಿಯ ಮೂಲಕ ಸಂಸ್ಥಾನಗಳ ಮುಂದಿಟ್ಟರು. ಹೈದರಾಬಾದ್, ತಿರುವಾಂಕೂರು, ಕೊಚ್ಚಿ ಹೀಗೆ ಒಂದೊಂದಾಗಿ ಒಪ್ಪಿದವು. 1939ರಲ್ಲಿ ಶಸ್ತ್ರಚಿಕಿತ್ಸೆಯ ನಂತರ ಪತ್ನಿ ತೆಹಮೀನಾ ನಿಧನರಾದರು. ಶಿಬಿರಗಳಲ್ಲಿ ಜೊತೆಗಾರ್ತಿಯಾಗಿದ್ದವರನ್ನು ಕಳೆದುಕೊಂಡ ಆ ವರ್ಷವೇ ಅವರು ಮೈಸೂರು ಸಂಸ್ಥಾನದ ಸಮೀಕ್ಷೆಗೆ ಹೊರಟರು. ಆಗ ನಮ್ಮ ದಾವಣಗೆರೆ, ಹರಿಹರಗಳು ಅದೇ ಸಂಸ್ಥಾನದ ಚಿತ್ರದುರ್ಗ ಜಿಲ್ಲೆಗೆ ಸೇರಿದ್ದವು. ಆ ಸಮೀಕ್ಷೆಯ ವರದಿ ಸೊಸೈಟಿಯ ನಿಯತಕಾಲಿಕೆಯಲ್ಲಿ ಕಂತುಗಳಲ್ಲಿ ಪ್ರಕಟವಾಯಿತು.

ಕೊಡುವವರು ಊರು ಬಿಟ್ಟಾಗ

1947ರಲ್ಲಿ ಸ್ವಾತಂತ್ರ್ಯ ಬಂದಿತು. ದೇಶಕ್ಕೆ ಹಬ್ಬ, ಆದರೆ ಸೊಸೈಟಿಗೆ ದೊಡ್ಡ ಪರೀಕ್ಷೆ. ಸದಸ್ಯರಲ್ಲಿ ಬಹಳ ಮಂದಿ ಇಂಗ್ಲಿಷರಾಗಿದ್ದರು, ಅವರು ತಮ್ಮ ದೇಶಕ್ಕೆ ಹೊರಟರು. ಸಮೀಕ್ಷೆಗಳಿಗೆ ಹಣ ಕೊಡುತ್ತಿದ್ದ ಸಂಸ್ಥಾನಗಳೂ ಇಲ್ಲವಾದವು. ವಂತಿಗೆ ಇಳಿಯಿತು, ಆದರೆ ಸಂಗ್ರಹದ ರಕ್ಷಣೆಯ ಖರ್ಚು ಇಳಿಯಲಿಲ್ಲ. ಆಗ ಹೊಣೆ ಹೊತ್ತವರಲ್ಲಿ ಸಲೀಂ ಅಲಿ ಪ್ರಮುಖರು. ಅವರು ಪ್ರಧಾನಿ ನೆಹರೂ ಅವರಿಗೆ ಪತ್ರ ಬರೆದು ನೆರವು ಕೋರಿದರು, ನೆರವು ದೊರೆಯಿತು. 1960ರ ದಶಕದಲ್ಲಿ ಕೇಂದ್ರ ಸರ್ಕಾರದ ಅನುದಾನದಿಂದ ಹಾರ್ನ್‌ಬಿಲ್ ಹೌಸ್ ಎಂಬ ಸ್ವಂತ ಕಟ್ಟಡವೂ ಆಯಿತು.

ಇಲ್ಲಿ ಒಂದು ವಿಷಯ ಯೋಚಿಸಿ. ಕೇಳಿದ ಕೂಡಲೇ ಯಾರೂ ಕೊಡುವುದಿಲ್ಲ. 1941ರಲ್ಲಿ ಸಲೀಂ ಅಲಿ ಸಾಮಾನ್ಯ ಜನರಿಗಾಗಿ ಬಣ್ಣದ ಚಿತ್ರಗಳಿದ್ದ ಭಾರತೀಯ ಪಕ್ಷಿಗಳ ಪುಸ್ತಕವನ್ನು ಹೊರತಂದಿದ್ದರು. ಸೆರೆವಾಸದ ದಿನಗಳಲ್ಲಿ ನೆಹರೂ ಅದನ್ನು ಮಗಳು ಇಂದಿರಾ ಅವರಿಗೆ ಕೊಟ್ಟಿದ್ದರು. ಎಂದರೆ, ಪತ್ರ ಹೋಗುವ ಮೊದಲೇ ಕೆಲಸ ಅಲ್ಲಿಗೆ ಹೋಗಿ ತಲುಪಿತ್ತು. ಆ ಪುಸ್ತಕ 2002ರ ಹೊತ್ತಿಗೆ 13ನೇ ಆವೃತ್ತಿ ಕಂಡಿತು. ಅದನ್ನು ಕೈಯಲ್ಲಿ ಹಿಡಿದು ಹಕ್ಕಿ ನೋಡಲು ಹೊರಟ ಗುಮಾಸ್ತರು, ಶಿಕ್ಷಕರು, ವಿದ್ಯಾರ್ಥಿಗಳೇ ಮುಂದೆ ಸೊಸೈಟಿಗೆ ಹೊಸ ಸದಸ್ಯರಾಗಿ ಬಂದರು. 1959ರಲ್ಲಿ ಜಾಫರ್ ಫತೇಹಳ್ಳಿಯವರು ಪಕ್ಷಿ ವೀಕ್ಷಕರಿಗಾಗಿ ಚಿಕ್ಕ ಪತ್ರಿಕೆಯೊಂದನ್ನು ಆರಂಭಿಸಿದರು. ಅದು ಮುಂದೆ ಬೆಂಗಳೂರಿನಿಂದ ಹೊರಬಂದಿತು. 1976ರಲ್ಲಿ ಸೊಸೈಟಿಯೇ ಹಾರ್ನ್‌ಬಿಲ್ ಎಂಬ ಸುಲಭ ಶೈಲಿಯ ಪತ್ರಿಕೆ ತಂದಿತು. ಸಾಹೇಬರ ಕೂಟವಾಗಿದ್ದುದು ಹೀಗೆ ಜನರ ಸಂಸ್ಥೆಯಾಯಿತು.

ಸೊರಬದ ಕಾಡು ಮತ್ತು ಹಣದ ಪ್ರಶ್ನೆ

ಈ ಕಥೆಯ ಒಂದು ಎಳೆ ನಮ್ಮ ನೆರೆಯ ಜಿಲ್ಲೆಗೂ ಬರುತ್ತದೆ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಯತೊಡಗಿದವು, ಮನುಷ್ಯರಿಗೂ ಜ್ವರ ಬಂದಿತು. ಅದೇ ಮಂಗನ ಕಾಯಿಲೆ. ಅದರ ವೈರಸ್ ರಷ್ಯಾದ ಒಂದು ರೋಗದ ವೈರಸ್ಸನ್ನು ಹೋಲುತ್ತಿತ್ತು. ಉತ್ತರದಿಂದ ಬರುವ ವಲಸೆ ಹಕ್ಕಿಗಳು ಉಣ್ಣೆಗಳ ಮೂಲಕ ಅದನ್ನು ತಂದಿರಬಹುದೇ ಎಂಬ ಪ್ರಶ್ನೆ ಎದ್ದಿತು. ವಿಶ್ವ ಆರೋಗ್ಯ ಸಂಸ್ಥೆಯ ನೆರವಿನಿಂದ 1959ರಲ್ಲಿ ಸೊಸೈಟಿ ಹಕ್ಕಿಗಳ ಕಾಲಿಗೆ ಉಂಗುರ ತೊಡಿಸಿ ವಲಸೆಯನ್ನು ಅಭ್ಯಸಿಸುವ ಕೆಲಸ ಆರಂಭಿಸಿತು. ಕಾಯಿಲೆಯನ್ನು ಹಕ್ಕಿಗಳೇ ತಂದವು ಎಂಬುದಕ್ಕೆ ಆಧಾರ ಸಿಗಲಿಲ್ಲ. ಆದರೆ ಆ ಹಣದಿಂದ ಒಂದು ತಲೆಮಾರಿನ ಯುವ ಪಕ್ಷಿ ತಜ್ಞರು ತಯಾರಾದರು.

ಮುಂದೆ ಅದೇ ಅಧ್ಯಯನಕ್ಕೆ ಅಮೆರಿಕದ ಸೈನ್ಯದ ಸಂಶೋಧನಾ ವಿಭಾಗದಿಂದಲೂ ಹಣ ಬಂದಿತು. 1970ರ ದಶಕದಲ್ಲಿ ಇದು ರೋಗಾಣು ಯುದ್ಧದ ಸಿದ್ಧತೆಯೇ ಎಂಬ ಆರೋಪ ಪತ್ರಿಕೆಗಳಲ್ಲಿ ಬಂದು, ವಿಷಯ ಸಂಸತ್ತಿನ ಸಾರ್ವಜನಿಕ ಲೆಕ್ಕಪತ್ರ ಸಮಿತಿಯವರೆಗೂ ಹೋಯಿತು. ಇಳಿವಯಸ್ಸಿನ ಸಲೀಂ ಅಲಿಯವರ ದೇಶನಿಷ್ಠೆಯ ಮೇಲೆಯೇ ಅನುಮಾನದ ನೆರಳು ಬಿದ್ದಿತು. ಅವರು ತಮ್ಮ ಕೆಲಸ ಬಿಡಲಿಲ್ಲ. ಆದರೂ ಈ ಘಟನೆಯ ಪಾಠವನ್ನು ನಾವು ಮರೆಯಬಾರದು. ಉದ್ದೇಶ ಎಷ್ಟೇ ಒಳ್ಳೆಯದಾಗಿರಲಿ, ಹಣ ಎಲ್ಲಿಂದ ಬಂತು, ಯಾವ ಷರತ್ತಿನ ಮೇಲೆ ಬಂತು ಎಂಬುದನ್ನು ಸಂಸ್ಥೆ ಎಲ್ಲರಿಗೂ ಹೇಳುವಂತಿರಬೇಕು. ಒಬ್ಬರೇ ದೊಡ್ಡ ದಾನಿಗಿಂತ ನೂರು ಜನ ಸಣ್ಣ ವಂತಿಗೆದಾರರು ಸಂಸ್ಥೆಗೆ ಹೆಚ್ಚು ಭದ್ರತೆ ಕೊಡುತ್ತಾರೆ.

ಬಂದದ್ದನ್ನು ಮರಳಿಸಿದವರು

ಗೌರವಗಳು ಅವರಿಗೆ ತಡವಾಗಿ ಬಂದವು. 1958ರಲ್ಲಿ ಪದ್ಮಭೂಷಣ, ಅದೇ ವರ್ಷ ಅಲಿಗಢ ಮುಸ್ಲಿಂ ವಿಶ್ವವಿದ್ಯಾಲಯದ ಗೌರವ ಡಾಕ್ಟರೇಟ್, 1976ರಲ್ಲಿ ಪದ್ಮವಿಭೂಷಣ, 1985ರಲ್ಲಿ ರಾಜ್ಯಸಭೆಯ ನಾಮನಿರ್ದೇಶನ. ಪದವಿಯಿಲ್ಲದ ವ್ಯಕ್ತಿ ಸ್ನಾತಕೋತ್ತರ ವಿದ್ಯಾರ್ಥಿಗಳಿಗೆ ಮಾರ್ಗದರ್ಶಕರಾದರು. ಡಿಲ್ಲನ್ ರಿಪ್ಲಿಯವರೊಡನೆ 10 ಸಂಪುಟಗಳ ಪಕ್ಷಿ ಕೈಪಿಡಿ ಬರೆದರು. ಜೆ. ಪಾಲ್ ಗೆಟ್ಟಿ ಪ್ರಶಸ್ತಿಯಾಗಿ ಭಾರಿ ಮೊತ್ತ ಬಂದಾಗ ಅದನ್ನು ತಮಗಾಗಿ ಇಟ್ಟುಕೊಳ್ಳದೆ ನಿಸರ್ಗ ಸಂರಕ್ಷಣಾ ನಿಧಿಗೆ ಮೂಲಧನವಾಗಿ ಕೊಟ್ಟರು. ಬೇಡುವ ಕೈ ಕೊಡುವ ಕೈಯೂ ಆಗಿದ್ದರೆ ಮಾತ್ರ ಜನ ನಂಬುತ್ತಾರೆ. 1987ರಲ್ಲಿ, 90ನೆಯ ವಯಸ್ಸಿನಲ್ಲಿ ಅವರು ಕೊನೆಯುಸಿರೆಳೆದರು. ಸಂಸ್ಥೆ ಅವರ ನಂತರವೂ ಉಳಿಯಿತು.

ಅವರಿಗೂ ಎಲ್ಲವೂ ಕೈಗೂಡಲಿಲ್ಲ. ಎರ್ಲಡ್ಡು ಹಕ್ಕಿಯನ್ನು ರಾಷ್ಟ್ರಪಕ್ಷಿಯಾಗಿ ಮಾಡಿದರೆ ಅದು ಉಳಿದೀತು ಎಂದು ಅವರು ವಾದಿಸಿದ್ದರು. 1963ರಲ್ಲಿ ನವಿಲು ಆಯ್ಕೆಯಾಯಿತು. ಹರಿಹರದಿಂದ ತುಂಗಭದ್ರೆ ದಾಟಿದರೆ ಸಿಗುವ ರಾಣೆಬೆನ್ನೂರಿನ ಬಯಲಿನಲ್ಲಿ ಆ ಹಕ್ಕಿ ಇತ್ತು. 1974ರಲ್ಲಿ ಅಲ್ಲಿ ಅಭಯಾರಣ್ಯವೂ ಆಯಿತು. ಇಂದು ಅಲ್ಲಿ ಕೃಷ್ಣಮೃಗ ಉಂಟು, ಎರ್ಲಡ್ಡು ಇಲ್ಲ. ಕಾನೂನು ಬಂದರೂ ಕಾಯುವ ಜನ ಬೇಕು, ಆ ಜನರನ್ನು ಕೂಡಿಸುವುದೇ ಸಂಘದ ಕೆಲಸ.

ಆದ್ದರಿಂದ ವಿದ್ಯಾರ್ಥಿ ಮಿತ್ರರೇ, ದಾವಣಗೆರೆ ಮತ್ತು ಹರಿಹರದ ನಡುವೆ ಕೊಂಡಜ್ಜಿಯ ಕೆರೆ ಮತ್ತು ಗುಡ್ಡ ನಿಮಗಾಗಿ ಕಾದಿವೆ. ಹತ್ತು ಜನ ಸೇರಿ ತಿಂಗಳಿಗೊಂದು ಭಾನುವಾರ ನಡೆದು ಹೋಗಿ. ಕಂಡ ಹಕ್ಕಿಗಳ ಪಟ್ಟಿ ಬರೆಯಿರಿ. ಸಣ್ಣದೊಂದು ವಂತಿಗೆ ನಿಗದಿಪಡಿಸಿ, ಪ್ರತಿಯೊಬ್ಬರಿಗೂ ರಸೀದಿ ಕೊಡಿ, ವರ್ಷಕ್ಕೊಮ್ಮೆ ಲೆಕ್ಕವನ್ನು ಎಲ್ಲರ ಮುಂದೆ ಓದಿ. ಹೊಸಬರು ಪ್ರಶ್ನೆ ಹೊತ್ತು ಬಂದರೆ ಮಿಲ್ಲಾರ್ಡ್ ಅವರಂತೆ ಕೂರಿಸಿ ಉತ್ತರಿಸಿ. ಎಂಟು ಜನರಿಂದ ಆರಂಭವಾದ ಸಂಸ್ಥೆ ನೂರನಲವತ್ತು ವರ್ಷ ದಾಟಿ ನಡೆದಿದೆ. ಹತ್ತು ಜನರಿಂದ ಏನಾದೀತು ಎಂದು ಕೇಳುವವರಿಗೆ ಇದಕ್ಕಿಂತ ಬೇರೆ ಉತ್ತರ ಬೇಕಿಲ್ಲ.