ಒಂದು ಗ್ರಾಂ ರೇಡಿಯಂ

ಮೇಡಂ ಕ್ಯೂರಿಯ ಪಾಠವನ್ನು ನಾನು ಅನೇಕ ವರ್ಷ ಮಕ್ಕಳಿಗೆ ಹೇಳಿದ್ದೇನೆ. ಒಮ್ಮೆ ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು ನಿಂತು, ರೇಡಿಯಂ ಕಂಡುಹಿಡಿದಾಕೆಯೇ ಅದಕ್ಕಾಗಿ ಅಮೆರಿಕದವರೆಗೆ ಹೋದದ್ದೇಕೆ ಎಂದು ಕೇಳಿದ. ಏನೋ ಹೇಳಿ ಅವನನ್ನು ಕೂರಿಸಿದೆ. ಪ್ರಶ್ನೆ ಮಾತ್ರ ನನ್ನನ್ನು ಬಿಡಲಿಲ್ಲ.

ಆಕೆ ಹುಟ್ಟಿದ್ದು 1867ರಲ್ಲಿ, ವಾರ್ಸಾ ನಗರದಲ್ಲಿ. ಪೋಲೆಂಡಿನ ಆ ಭಾಗ ಆಗ ರಷ್ಯದ ಚಕ್ರವರ್ತಿಗೆ ಅಧೀನವಾಗಿತ್ತು. ಅಲ್ಲಿನ ವಿಶ್ವವಿದ್ಯಾನಿಲಯದಲ್ಲಿ ಸ್ತ್ರೀಯರಿಗೆ ಪ್ರವೇಶವಿರಲಿಲ್ಲ. ಅಕ್ಕ ಬ್ರೋನಿಯಾ ಪ್ಯಾರಿಸ್ಸಿನಲ್ಲಿ ವೈದ್ಯವಿದ್ಯೆ ಕಲಿಯಲೆಂದು ಈಕೆ ಉಳ್ಳವರ ಮನೆಯಲ್ಲಿ ಮಕ್ಕಳಿಗೆ ಪಾಠ ಹೇಳಿ ಹಣ ಕಳುಹಿಸಿದಳು. 1891ರಲ್ಲಿ ತಾನೂ ಅಲ್ಲಿಗೆ ಹೊರಟಳು. ಪಿಯರ್ ಕ್ಯೂರಿಯೊಡನೆ ವಿವಾಹ, 1898ರಲ್ಲಿ ಪೊಲೋನಿಯಂ ಮತ್ತು ರೇಡಿಯಂಗಳ ಶೋಧ, ಎರಡು ನೊಬೆಲ್ ಪಾರಿತೋಷಕ, ಇವು ವಾಚಕರಿಗೆ ತಿಳಿದೇ ಇವೆ. ಸೋರುವ ಷೆಡ್ಡಿನಲ್ಲಿ ಟನ್ನುಗಟ್ಟಲೆ ಅದಿರನ್ನು ಕುದಿಸಿ, ಕಲಕಿ, ಸೋಸಿ, 1902ರ ವೇಳೆಗೆ ಆಕೆಗೆ ದೊರೆತ ರೇಡಿಯಂ ಲವಣ ಗ್ರಾಮಿನ ಹತ್ತನೆಯ ಒಂದು ಪಾಲು.

ಪಾಠದಲ್ಲಿ ಒಂದೇ ಸಾಲಿನಲ್ಲಿ ಮುಗಿದುಹೋಗುವ ಸಂಗತಿಯೊಂದಿದೆ: ರೇಡಿಯಂ ತೆಗೆಯುವ ವಿಧಾನಕ್ಕೆ ದಂಪತಿಗಳು ಪೇಟೆಂಟು ಪಡೆಯಲಿಲ್ಲ, ಎಲ್ಲರಿಗೂ ತಿಳಿಸಿಬಿಟ್ಟರು. ಅದರ ಕಿರಣಗಳು ಕ್ಯಾನ್ಸರಿನ ಗಂತಿಯನ್ನು ಸುಟ್ಟು ಕರಗಿಸಬಲ್ಲವೆಂದು ತಿಳಿದ ಮೇಲೆ ವೈದ್ಯರು ಅದಕ್ಕಾಗಿ ಹಾತೊರೆದರು. ಕಾರ್ಖಾನೆಗಳೆದ್ದವು, ಬೆಲೆಯೂ ಏರಿತು. 1920ರ ಹೊತ್ತಿಗೆ ಗ್ರಾಮಿಗೆ ಒಂದು ಲಕ್ಷ ಡಾಲರು. ಅಮೆರಿಕದಲ್ಲಿ ಸುಮಾರು 50 ಗ್ರಾಂ ಇದ್ದಾಗ ಪ್ಯಾರಿಸ್ಸಿನ ಆಕೆಯ ಪ್ರಯೋಗಶಾಲೆಯಲ್ಲಿದ್ದದ್ದು ಒಂದೇ ಗ್ರಾಂ. ಅದರಿಂದ ಹೊಮ್ಮುವ ಅನಿಲವನ್ನು ಸಣ್ಣ ಗಾಜಿನ ನಳಿಗೆಗಳಲ್ಲಿ ತುಂಬಿ ರೋಗಿಗಳ ಚಿಕಿತ್ಸೆಗೆ ಕೊಡಬೇಕು. ಸಂಶೋಧನೆಗೂ ಅದೇ ಆಗಬೇಕು. ಜ್ಞಾನ ಎಲ್ಲರದಾಯಿತು, ವಸ್ತು ಹಣವಿದ್ದವರದಾಯಿತು. ಹುಡುಗನಿಗೆ ಅಂದು ನಾನು ಹೇಳಬೇಕಾಗಿದ್ದ ಉತ್ತರ ಇದು.

ಮೇರಿ ಮೆಲೊನಿ ಎಂಬ ಪತ್ರಕರ್ತೆ ಅಮೆರಿಕದ ಮಹಿಳೆಯರಿಂದ ಚಂದಾ ಎತ್ತಿದಳು. 1921ರ ಮೇ 20ರಂದು ಅಧ್ಯಕ್ಷ ಹಾರ್ಡಿಂಗ್ ಶ್ವೇತಭವನದಲ್ಲಿ ಒಂದು ಗ್ರಾಂ ರೇಡಿಯಮ್ಮಿನ ಕಾಣಿಕೆಯನ್ನು ಆಕೆಗೆ ಒಪ್ಪಿಸಿದ. ಹಿಂದಿನ ರಾತ್ರಿ ದಾನಪತ್ರವನ್ನು ಓದಿದ ಆಕೆ, ಅದು ತನ್ನ ಸ್ವತ್ತಾಗದೆ ಪ್ರಯೋಗಶಾಲೆಗೆ ಸೇರುವಂತೆ ಪತ್ರವನ್ನು ಆಗಲೇ ತಿದ್ದಿಸಿದಳು. ಬಡತನ ಕಂಡವಳ ಎಚ್ಚರ!

ಇಷ್ಟಾದರೂ ಅದು ಪ್ಯಾರಿಸ್ಸಿಗೆ ಬಂದ ಗ್ರಾಂ. ಸ್ವತಂತ್ರವಾಗಿದ್ದ ತವರುನಾಡಿಗೆ ಅಂಥದೊಂದು ಇರಲಿಲ್ಲ. ವಾರ್ಸಾದಲ್ಲಿ ರೇಡಿಯಂ ಚಿಕಿತ್ಸಾಲಯ ಕಟ್ಟಲು ಬ್ರೋನಿಯಾ ಟೊಂಕ ಕಟ್ಟಿದಳು. ಇಟ್ಟಿಗೆಗೊಂದರಂತೆ ಜನರು ಕಾಸು ಕೊಟ್ಟರು. 1925ರಲ್ಲಿ ಮೇರಿ ಬಂದು ಅಸ್ತಿಭಾರದ ಕಲ್ಲನ್ನಿಟ್ಟಳು. ಗೋಡೆಗಳೆದ್ದರೂ ಒಳಗಿಡಲು ರೇಡಿಯಂ ಇಲ್ಲ. ಸೊರಗಿದ ದೇಹವನ್ನೂ ಮಂಜಾಗಿದ್ದ ಕಣ್ಣುಗಳನ್ನೂ ಹೊತ್ತು 1929ರಲ್ಲಿ ಆಕೆ ಮತ್ತೆ ಅಮೆರಿಕಕ್ಕೆ ಹೋಗಿ, ಅಧ್ಯಕ್ಷ ಹೂವರನಿಂದ 50,000 ಡಾಲರಿನ ಚೆಕ್ಕನ್ನು ಪಡೆದಳು. ಬೆಲೆ ಅಷ್ಟಕ್ಕೆ ಇಳಿದದ್ದು ಬೆಲ್ಜಿಯಮ್ಮಿನ ವಶದಲ್ಲಿದ್ದ ಕಾಂಗೋದ ಅದಿರಿನಿಂದ. ಅದನ್ನು ಅಗೆದುಕೊಟ್ಟ ಆಫ್ರಿಕದವರಿಗೂ ಆ ಕಿರಣ ಬೇಕಾದೀತೆಂದು ಆಗ ಎಷ್ಟು ಜನ ಯೋಚಿಸಿದರೋ! 1932ರ ಮೇ ತಿಂಗಳಲ್ಲಿ ಚಿಕಿತ್ಸಾಲಯ ತೆರೆಯಿತು. ಎರಡು ವರ್ಷಗಳ ತರುವಾಯ ಆಕೆ ರಕ್ತಹೀನತೆಯಿಂದ ತೀರಿಕೊಂಡಳು. ದೀರ್ಘಕಾಲ ಕಿರಣಗಳ ನಡುವೆ ದುಡಿದುದೇ ಅದಕ್ಕೆ ಕಾರಣವೆನ್ನುತ್ತಾರೆ.

ಈಗ ರೇಡಿಯಮ್ಮಿನ ಸ್ಥಾನದಲ್ಲಿ ಕೋಬಾಲ್ಟ್ ಯಂತ್ರಗಳೂ ವಿದ್ಯುತ್ತಿನಿಂದ ಕಿರಣ ಹೊಮ್ಮಿಸುವ ಯಂತ್ರಗಳೂ ಇವೆ. ಹಂಚಿಕೆ ಮಾತ್ರ ಹಳೆಯದೇ. 2016ರಲ್ಲಿ ಉಗಾಂಡದ ಕಂಪಾಲದಲ್ಲಿದ್ದ ಕೋಬಾಲ್ಟ್ ಯಂತ್ರ ಕೆಟ್ಟು ನಿಂತಿತು. ದೇಶಕ್ಕೆಲ್ಲ ಇದ್ದದ್ದು ಅದೊಂದೇ. ಹೊಸದು ಬರಲು ಒಂದೂವರೆ ವರ್ಷಕ್ಕೂ ಮೇಲಾಯಿತು. ಆಫ್ರಿಕದ 20ಕ್ಕೂ ಹೆಚ್ಚು ದೇಶಗಳಲ್ಲಿ ಅಂಥ ಒಂದು ಯಂತ್ರವೂ ಇಲ್ಲವೆಂದು 2022ರಲ್ಲಿ ಅಂತಾರಾಷ್ಟ್ರೀಯ ಪರಮಾಣು ಶಕ್ತಿ ಸಂಸ್ಥೆ ತಿಳಿಸಿತು.

ಈಚೆಗೆ ಆ ಪಾಠ ಬಂದಾಗ ನಾನು ನೊಬೆಲ್ ಪಾರಿತೋಷಕಗಳನ್ನು ಬೇಗನೆ ದಾಟಿ, ಇಟ್ಟಿಗೆಗೆಂದು ಕಾಸು ಕೊಟ್ಟ ವಾರ್ಸಾದ ಜನರ ಬಳಿ ಸ್ವಲ್ಪ ಹೊತ್ತು ನಿಲ್ಲುತ್ತೇನೆ.