ಬಯಕೆಯ ಬೇರನ್ನು ಅರಸಿದ ಜೇಮ್ಸ್ ಓಲ್ಡ್ಸ್

ಹಸಿದ ಎತ್ತು ಮೇವಿನ ಕಡೆಗೆ ತಾನಾಗಿಯೇ ಹೆಜ್ಜೆ ಹಾಕುತ್ತದೆ. ಹೊಟ್ಟೆ ತುಂಬಿದ ಮೇಲೆ ಅದೇ ಮೇವಿಗೆ ಮುಖ ತಿರುಗಿಸುತ್ತದೆ. ಜೀವಿಯನ್ನು ಹೀಗೆ ಎಬ್ಬಿಸಿ ನಡೆಸುವ ಶಕ್ತಿ ದೇಹದಲ್ಲಿ ಎಲ್ಲಿದೆ? ಈ ಪ್ರಶ್ನೆಗೆ ತಮ್ಮ ಬಾಳನ್ನು ಮೀಸಲಿಟ್ಟವರು ಅಮೆರಿಕದ ಜೇಮ್ಸ್ ಓಲ್ಡ್ಸ್.

1922ರಲ್ಲಿ ಚಿಕಾಗೋ ನಗರದಲ್ಲಿ ಜನಿಸಿದ ಓಲ್ಡ್ಸರು ಹಾರ್ವರ್ಡ್ ವಿಶ್ವವಿದ್ಯಾನಿಲಯದಲ್ಲಿ ಡಾಕ್ಟರೇಟ್ ಪದವಿ ಪಡೆದರು. ಮನಸ್ಸನ್ನು ಕುರಿತ ಸಿದ್ಧಾಂತಗಳಷ್ಟೇ ಅವರಿಗೆ ಸಾಲಲಿಲ್ಲ. ಮೆದುಳನ್ನೇ ಪರೀಕ್ಷಿಸಬೇಕೆಂದು ಕೆನಡಾದ ಮ್ಯಾಕ್‌ಗಿಲ್ ವಿಶ್ವವಿದ್ಯಾನಿಲಯಕ್ಕೆ ತೆರಳಿದರು. ಇಲಿಯ ಮೆದುಳಿನಲ್ಲಿ ಸೂಕ್ಷ್ಮ ತಂತಿಯನ್ನು ನೆಡುವ ವಿದ್ಯೆಯನ್ನು ಅಲ್ಲಿ ಪೀಟರ್ ಮಿಲ್ನರ್ ಅವರಿಂದ ಕಲಿತರು. ಕೈ ಇನ್ನೂ ಪಳಗಿರಲಿಲ್ಲ. ಒಂದು ತಂತಿ ಗುರಿ ತಪ್ಪಿ ಮೆದುಳಿನ ಬೇರೊಂದು ಭಾಗವನ್ನು ಸೇರಿತು. ಆ ಇಲಿಯ ನಡತೆ ವಿಚಿತ್ರವಾಗಿತ್ತು. ಮೇಜಿನ ಯಾವ ಮೂಲೆಯಲ್ಲಿ ಅದಕ್ಕೆ ವಿದ್ಯುತ್ತು ತಾಗಿತ್ತೋ ಆ ಮೂಲೆಗೇ ಅದು ಮತ್ತೆ ಮತ್ತೆ ಮರಳುತ್ತಿತ್ತು. ಮತ್ತೊಬ್ಬರಾಗಿದ್ದರೆ ಪ್ರಯೋಗ ಕೆಟ್ಟಿತೆಂದು ಇಲಿಯನ್ನು ಬದಿಗಿಡುತ್ತಿದ್ದರೇನೋ! ಓಲ್ಡ್ಸರು ಪೆಟ್ಟಿಗೆಯೊಳಗೆ ಒಂದು ಸನ್ನೆಯನ್ನು ಇರಿಸಿ, ಅದನ್ನು ಒತ್ತಿದಾಗಲೆಲ್ಲ ಮೆದುಳಿಗೆ ಕ್ಷಣಕಾಲ ವಿದ್ಯುತ್ತು ಹರಿಯುವಂತೆ ಮಾಡಿದರು. ಇಲಿಗಳು ತಾವಾಗಿಯೇ ಸನ್ನೆಯನ್ನು ಒತ್ತತೊಡಗಿದವು. ಮುಂದಿನ ಪ್ರಯೋಗಗಳಲ್ಲಂತೂ ಕೆಲವು ಇಲಿಗಳು ಗಂಟೆಗೆ ಸಾವಿರಾರು ಸಲ, ದಣಿದು ಸೋಲುವವರೆಗೂ ಒತ್ತಿದವು. 1954ರಲ್ಲಿ ಈ ಶೋಧವು ಪ್ರಕಟವಾಯಿತು. ಹಸಿವು, ನೋವುಗಳನ್ನು ನೀಗಿಕೊಳ್ಳುವುದಕ್ಕಾಗಿ ಮಾತ್ರವೇ ಜೀವಿಗಳು ದುಡಿಯುತ್ತವೆ ಎಂಬ ಅಂದಿನ ಪ್ರಬಲ ನಂಬಿಕೆ ಅಲುಗಿತು.

ಆದರೆ ಮೆದುಳು ದೇಹದಿಂದ ಬೇರೆಯಾಗಿ ನಿಂತ ಯಂತ್ರವಲ್ಲ. 1958ರಲ್ಲಿ ಪ್ರಕಟವಾದ ಪ್ರಯೋಗಗಳು ಇದನ್ನು ತೋರಿಸಿದವು. ತಂತಿಯು ಮೆದುಳಿನ ಕೆಲವು ಸ್ಥಾನಗಳಲ್ಲಿದ್ದಾಗ, ಹಸಿವು ಹೆಚ್ಚಿದಂತೆ ಇಲಿಯ ಉತ್ಸಾಹವೂ ಹೆಚ್ಚಿತು. ಬೇರೆ ಕೆಲವು ಸ್ಥಾನಗಳಲ್ಲಿದ್ದಾಗ, ರಕ್ತದಲ್ಲಿ ಗಂಡು ಹಾರ್ಮೋನು ಕುಂದಿದರೆ ಉತ್ಸಾಹ ಕುಂದಿತು. ಹಾರ್ಮೋನನ್ನು ಚುಚ್ಚಿದಾಗ ಮರಳಿ ಚಿಗುರಿತು. ಮನೋರೋಗಿಗಳಿಗೆ ಕೊಡುತ್ತಿದ್ದ ಕ್ಲೋರ್‌ಪ್ರೊಮಜೀನ್ ಔಷಧಿಯೂ ಇಲಿಗಳ ಆತುರವನ್ನು ತಗ್ಗಿಸಿತು. ಪತ್ನಿ ಮೇರಿಯಾನ್ ಅವರೂ ವಿಜ್ಞಾನಿಯಾಗಿ ಈ ಸಂಶೋಧನೆಗಳಲ್ಲಿ ಪಾಲ್ಗೊಂಡರು.

ಓಲ್ಡ್ಸರು 1969ರಲ್ಲಿ ಕ್ಯಾಲಿಫೋರ್ನಿಯಾ ತಂತ್ರವಿಜ್ಞಾನ ಸಂಸ್ಥೆಯನ್ನು ಸೇರಿದರು. 1976ರಲ್ಲಿ ಈಜುತ್ತಿದ್ದಾಗ ಒದಗಿದ ಅವಘಡದಲ್ಲಿ ಮೃತರಾದರು. ಆಗ ಅವರಿಗೆ 54 ವರ್ಷ.

ತಾವು ಮುಟ್ಟಿದ್ದು ಸುಖದ ಕೇಂದ್ರವನ್ನೇ ಎಂದು ಅವರು ಭಾವಿಸಿದ್ದರು. ಅದು ಪೂರ್ತಿ ಸರಿಯಾಗಿರಲಿಲ್ಲ. ಈ ನರಮಾರ್ಗಗಳಲ್ಲಿ ಡೋಪಮೀನ್ ಎಂಬ ರಾಸಾಯನಿಕ ವಸ್ತುವಿಗೆ ಮುಖ್ಯ ಪಾತ್ರವಿದೆಯೆಂದೂ, ಅದು ಸುಖದ ಅನುಭವಕ್ಕಿಂತ ಹೆಚ್ಚಾಗಿ ಬೇಕೆಂಬ ತುಡಿತವನ್ನು ಹುಟ್ಟಿಸುತ್ತದೆಯೆಂದೂ ನಂತರದ ವಿಜ್ಞಾನಿಗಳು ಕಂಡುಕೊಂಡರು. ಇಲಿ ಸನ್ನೆಯನ್ನು ಬಯಸಿದ್ದು ನಿಜ. ಸುಖಪಟ್ಟಿತೇ ಎಂಬುದನ್ನು ಅದು ಹೇಳಿರಲಿಲ್ಲ. 1990ರ ದಶಕದಲ್ಲಿ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯಲ್ಲಿಯೂ ಇಲಿಗಳು ಇದೇ ರೀತಿ ಸನ್ನೆಯನ್ನು ಒತ್ತಿದವು. ಅವುಗಳ ಮೆದುಳಿನ ನರಕೋಶಗಳಲ್ಲಿ ಹೊಸ ಕವಲುಗಳು ಮೂಡಿದ್ದನ್ನು ಅಲ್ಲಿನ ಸಂಶೋಧಕರು ಸೂಕ್ಷ್ಮದರ್ಶಕದಲ್ಲಿ ಕಂಡರು.